ಮಿಟ್ಟೆಲ್ಲೆಗಿ ಏಣು: ಬಳಸುವ ಮುನ್ನ ಓದಿ

ಸ್ವಿಟ್ಜರ್ಲೆಂಡಿನ ಐಗರ್ ಪರ್ವತದ ಮಿಟ್ಟೆಲ್ಲೆಗಿ ಏಣನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಶಿಖರದ ಎತ್ತರ 3,967 ಮೀಟರ್. ಮೈಯೆಲ್ಲ ಸುಣ್ಣಕಲ್ಲು, ನೆತ್ತಿಯಲ್ಲಿ ಹಿಮ, ಎರಡೂ ಕೂಡುವಲ್ಲಿ ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆಯ ಪೊರೆ. ಹತ್ತುವಾಗ ನಿಮ್ಮ ಬಲಕ್ಕೆ ಐಗರ್‌ನ ಉತ್ತರದ ಪ್ರಪಾತ. ಅದರ ಬುಡದಲ್ಲಿ ಗ್ರಿಂಡೆಲ್‌ವಾಲ್ಡ್ ಊರು, ಅಲ್ಲಿನ ಹಸುಗಳು, ಹೋಟೆಲುಗಳು. ಎಡಕ್ಕೆ ಹಿಮನದಿ, ಅದರ ಬಾಯಿ ತೆರೆದ ಬಿರುಕುಗಳು. ನಡುವೆ ನೀವು. ಕೆಲವು ಕಡೆ ದಾರಿಯ ಅಗಲ ಒಂದು ಬೂಟಿನಷ್ಟು. ಎರಡನೇ ಕಾಲನ್ನು ಎಲ್ಲಿಡುವುದು ಎಂಬ ಪ್ರಶ್ನೆಗೆ ಉತ್ತರ ಮುಂದಿನ ಪುಟಗಳಲ್ಲಿದೆ, ಹೆಚ್ಚುಕಡಿಮೆ.

ಈ ಕೈಪಿಡಿ ಬರೆದವನು ಏಣನ್ನು ಹತ್ತಿದ್ದಾನೆಯೇ ಎಂದು ಕೇಳಬೇಡಿ. ಮಿಕ್ಸಿಯ ಕೈಪಿಡಿ ಬರೆದವರು ಒಂದು ದಿನವಾದರೂ ಚಟ್ನಿ ರುಬ್ಬಿದ್ದರೆ ಜಾರಿನ ಮುಚ್ಚಳ ಆ ಆಕಾರದಲ್ಲಿ ಇರುತ್ತಿರಲಿಲ್ಲ. ಕೈಪಿಡಿಯೆಂಬುದು ಓದಿದವರು ಓದದವರಿಗೆ ಹೇಳುವ ಬುದ್ಧಿಮಾತು, ಅಷ್ಟೆ.

ಮೊದಲನೆಯ ಹಂತ: ಇಳಿಯಿರಿ

ತಪ್ಪಾಗಿ ಅಚ್ಚಾಗಿಲ್ಲ. ಮೊದಲು ಇಳಿಯುವುದನ್ನು ಗೊತ್ತುಮಾಡಿಕೊಳ್ಳಿ, ಹತ್ತುವುದು ಆಮೇಲೆ. ಈ ಏಣಿನ ಚರಿತ್ರೆಯೇ ಹಾಗೆ ಶುರುವಾಗಿದೆ. ಐಗರ್ ಶಿಖರವನ್ನು 1858ರಲ್ಲಿ ಐರ್ಲೆಂಡಿನ ಚಾರ್ಲ್ಸ್ ಬ್ಯಾರಿಂಗ್ಟನ್, ಗ್ರಿಂಡೆಲ್‌ವಾಲ್ಡ್‌ನ ಗೈಡುಗಳಾದ ಕ್ರಿಸ್ಟಿಯಾನ್ ಆಲ್ಮರ್ ಮತ್ತು ಪೀಟರ್ ಬೋರೆನ್ ಜೊತೆ ಪಶ್ಚಿಮದ ಮಗ್ಗುಲಿನಿಂದ ಹತ್ತಿಯಾಗಿತ್ತು. ಆದರೆ ಮಿಟ್ಟೆಲ್ಲೆಗಿ ಯಾರನ್ನೂ ಮೇಲಕ್ಕೆ ಬಿಡಲಿಲ್ಲ. 1885ರಲ್ಲಿ ಮೋರಿಟ್ಸ್ ಫೋನ್ ಕುಫ್ನರ್ ಎಂಬ ಆಸ್ಟ್ರಿಯದ ಸಿರಿವಂತರು ಬಂದರು. ವಿಯೆನ್ನಾದಲ್ಲಿ ಬಿಯರ್ ಕಾರ್ಖಾನೆ ಇಟ್ಟುಕೊಂಡು, ಸ್ವಂತ ದುಡ್ಡಿನಲ್ಲಿ ನಕ್ಷತ್ರ ನೋಡುವ ವೀಕ್ಷಣಾಲಯವನ್ನೂ ಕಟ್ಟಿಸಿದ ಆಸಾಮಿ. ಅಲೆಕ್ಸಾಂಡರ್ ಬುರ್ಗೆನರ್ ಮೊದಲಾದ ಗೈಡುಗಳನ್ನು ಕಟ್ಟಿಕೊಂಡು ಬೇರೆ ಕಡೆಯಿಂದ ಶಿಖರ ಸೇರಿದ ಅವರು ಮಿಟ್ಟೆಲ್ಲೆಗಿಯ ಮೇಲೆ ಕೆಳಗಿಳಿದರು. ಅಂದರೆ ಈ ಏಣಿನ ಮೊಟ್ಟಮೊದಲ ಬಳಕೆದಾರರು ಅದನ್ನು ತಲೆಕೆಳಗಾಗಿ ಬಳಸಿದರು. ಕಾರಣ ಸರಳ: ನಡುವೆ ಬರುವ ಕಡಿದಾದ ಕಲ್ಲಿನ ಗೋಡೆಯ ಮೇಲಿನಿಂದ ಹಗ್ಗ ಬಿಟ್ಟು ಇಳಿಯಬಹುದು. ಕೆಳಗಿನಿಂದ ಹತ್ತಲು ಮೇಲೆ ಹಗ್ಗ ಕಟ್ಟುವವರು ಯಾರು?

ನಿಮಗೆ ಈ ಪ್ರಶ್ನೆ ಇಲ್ಲ, ಹಗ್ಗ ಈಗಾಗಲೇ ಕಟ್ಟಿದೆ. ನಿಮ್ಮ ಪ್ರಶ್ನೆ ಬೇರೆ. ಏಣಿನ ಮೇಲೆ ರಾತ್ರಿ ತಂಗುವ ಗುಡಿಸಲಿನಿಂದ ಶಿಖರಕ್ಕೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಅಲ್ಲಿ ಫೋಟೊ ಹೊಡೆಸಿಕೊಂಡು, ಬಾದಾಮಿ ತಿಂದು, ಮನೆಯವರಿಗೆ ವಾಟ್ಸಾಪ್ ಮಾಡಿದ ಮೇಲೆ ದಕ್ಷಿಣದ ಏಣಿನ ಮೇಲೆ ಇಳಿಯಬೇಕು. ಇಳಿಯಬೇಕು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಹಗ್ಗದ ಮೇಲೆ ಜಾರಿ ಒಂದು ಕಣಿವೆಗೆ ಇಳಿಯುತ್ತೀರಿ, ಮುಂದೆ ಕಲ್ಲಿನ ದಿಬ್ಬವೊಂದು ಎದುರಾಗುತ್ತದೆ, ಅದನ್ನು ಹತ್ತುತ್ತೀರಿ, ಮತ್ತೆ ಇಳಿಯುತ್ತೀರಿ. ಕೊನೆಯಲ್ಲಿ ಬಿಸಿಲಿಗೆ ಮೆತ್ತಗಾದ ಹಿಮದಲ್ಲಿ ಮೊಣಕಾಲವರೆಗೆ ಹೂತುಕೊಂಡು ಮೋಂಕ್ ಪರ್ವತದ ಪಕ್ಕದ ಕಣಿವೆಯ ಗುಡಿಸಲಿಗೆ ಏರುತ್ತೀರಿ. ಇಳಿಯಲು ಏಕೆ ಹತ್ತಬೇಕು ಎಂದು ಯಾರೂ ಕೇಳುವುದಿಲ್ಲ, ಕೇಳುವಷ್ಟು ಉಸಿರು ಯಾರಲ್ಲೂ ಉಳಿದಿರುವುದಿಲ್ಲ. ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಈ ಇಳಿತಕ್ಕೆ ಇನ್ನೂ ಮೂರರಿಂದ ಐದು ಗಂಟೆ.

ಆದ್ದರಿಂದ ಶಿಖರ ಎಂದರೆ ದಿನದ ಮುಕ್ತಾಯ ಎಂದು ಡೈರಿಯಲ್ಲಿ ಬರೆದುಕೊಂಡವರು ಈಗಲೇ ಹೊಡೆದುಹಾಕಿ, ಅರ್ಧ ದಾರಿ ಎಂದು ತಿದ್ದಿಕೊಳ್ಳಿ. ಹತ್ತುವಾಗ ಕಾಲಿಡುವ ಜಾಗ ಕಣ್ಣೆದುರಿಗೇ ಇರುತ್ತದೆ, ಇಳಿಯುವಾಗ ಹೊಟ್ಟೆಯ ಕೆಳಗಿರುತ್ತದೆ. ಬೆಳಗಿನ ಜಾವ ಗಟ್ಟಿಯಾಗಿದ್ದ ಹಿಮ ಮಧ್ಯಾಹ್ನ ಗಟ್ಟಿಯಾಗಿರುವುದಿಲ್ಲ. ತೊಡೆ ನಡುಗುತ್ತಿರುತ್ತದೆ. ಮನಸ್ಸು ಆಗಲೇ ರೈಲ್ವೆ ಸ್ಟೇಷನ್ನಿನ ಕಾಫಿಯ ಮುಂದೆ ಕೂತಿರುತ್ತದೆ. ಮನಸ್ಸೊಂದು ಕಡೆ ಕಾಲೊಂದು ಕಡೆ ಇರಬಾರದ ಜಾಗ ಯಾವುದಾದರೂ ಇದ್ದರೆ ಇದೇ.

ಎರಡನೆಯ ಹಂತ: ರೈಲು ಹತ್ತಿ

ಪರ್ವತಾರೋಹಣದ ಕೈಪಿಡಿಯಲ್ಲಿ ರೈಲು ಟಿಕೆಟ್ಟಿನ ಮಾತು ಬರುವುದು ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ. ಆಡಾಲ್ಫ್ ಗೂಯರ್-ಸೆಲ್ಲರ್ ಎಂಬ ಉದ್ಯಮಿಗೆ ಪರ್ವತದ ಹೊಟ್ಟೆಯೊಳಗೆ ಸುರಂಗ ಕೊರೆದು ರೈಲು ಬಿಡುವ ಆಲೋಚನೆ ಬಂತು. 1896ರಲ್ಲಿ ಕೆಲಸ ಶುರುವಾಯಿತು, 1899ರಲ್ಲಿ ಅವರು ತೀರಿಕೊಂಡರು, 1912ರಲ್ಲಿ ರೈಲು 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ತಲುಪಿತು. ಐಗರ್‌ನ ಒಳಗೇ ಐಸ್‌ಮೇರ್ ಎಂಬ ಸ್ಟೇಷನ್ನು ಬರುತ್ತದೆ. ರೈಲು ಅಲ್ಲಿ ಐದು ನಿಮಿಷ ನಿಲ್ಲುತ್ತದೆ. ಬೆಂಗಳೂರಿನಿಂದ ಯುರೋಪ್ ಪ್ಯಾಕೇಜ್ ಟೂರಿಗೆ ಹೊರಟ ನಮ್ಮ ಜನ ದಪ್ಪ ಗಾಜಿನ ಕಿಟಕಿಯ ಮುಂದೆ ನಿಂತು ಹಿಮನದಿ ನೋಡಿ, ಶೌಚಾಲಯ ಹುಡುಕಿ, ರೈಲು ಬಿಟ್ಟೀತೆಂದು ಓಡಿಬಂದು ಕೂರುವುದು ಇಲ್ಲಿಯೇ. ಅದೇ ಸ್ಟೇಷನ್ನಿನಿಂದ ಇನ್ನೊಂದು ಸುರಂಗ ಹಿಮನದಿಯ ಕಡೆಗೆ ಹೋಗುತ್ತದೆ. ನೀವು ಆ ಕಡೆಯವರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀವು ಹೊರಬೀಳುವುದನ್ನು ನೋಡಿ ಯಾರೋ ಅಜ್ಜಿ, “ಅಯ್ಯೋ, ಇವರಿಗೆ ಮೇಲಿನವರೆಗೆ ಟಿಕೆಟ್ ಸಿಗಲಿಲ್ಲವೇನೋ ಪಾಪ” ಎನ್ನಬಹುದು. ನಕ್ಕು ಸುಮ್ಮನಾಗಿ.

ಹೊರಗೆ ಬಂದ ತಕ್ಷಣ ಹಿಮನದಿ. ಹಗ್ಗ ಬಿಗಿಯಾಗಿರಲಿ, ಹಿಮ ಮುಚ್ಚಿದ ಬಿರುಕಿನ ಮೇಲೆ ಕಾಲಿಟ್ಟಾಗ ನಿಮ್ಮನ್ನು ಹಿಡಿಯುವುದು ಅದೇ. ಆಮೇಲೆ ಒಂದು ಬಂಡೆಯ ಗೋಡೆ, ಅದರಾಚೆ ಸಡಿಲ ಜಲ್ಲಿ ಹರಡಿದ ಓರೆ ಹಾಸುಗಲ್ಲುಗಳು, ಅವುಗಳ ಕೊನೆಗೆ ಏಣಿನ ನೆತ್ತಿಯ ಮೇಲೆ 3,355 ಮೀಟರ್ ಎತ್ತರದಲ್ಲಿ ಮಿಟ್ಟೆಲ್ಲೆಗಿ ಗುಡಿಸಲು. ಗುಡಿಸಲು ಎಂದರೆ ಹುಲ್ಲಿನದಲ್ಲ. ಆಲ್ಪ್ಸ್‌ನಲ್ಲಿ ಪರ್ವತಾರೋಹಿಗಳು ರಾತ್ರಿ ತಂಗುವ ಮನೆಗೆ ಹಾಗೆನ್ನುತ್ತಾರೆ. ಶೌಚಕ್ಕೆ ಹೊರಗೆ ಹೋಗುವವರು ನಿದ್ದೆಗಣ್ಣಿನಲ್ಲಿ ಹೋಗಬೇಡಿ. ಅಂಗಳವೆಂಬುದು ಇಲ್ಲ.

ಈ ಮನೆಯ ಹಿಂದೆ ಒಂದು ಕಥೆಯಿದೆ, ಕೈಪಿಡಿಯ ಶಿಸ್ತು ಮುರಿದು ಹೇಳಲೇಬೇಕು. 1921ರ ಸೆಪ್ಟೆಂಬರ್ 10ರಂದು ಈ ಏಣನ್ನು ಮೊದಲ ಸಲ ಕೆಳಗಿನಿಂದ ಹತ್ತಿದವರು ಜಪಾನಿನ ಯುವಕ ಯೂಕೊ ಮಾಕಿ ಮತ್ತು ಗ್ರಿಂಡೆಲ್‌ವಾಲ್ಡ್‌ನ ಮೂವರು: ಫ್ರಿಟ್ಸ್ ಅಮಾಟರ್, ಫ್ರಿಟ್ಸ್ ಸ್ಟಾಯ್ರಿ, ಸಾಮ್ಯುಯೆಲ್ ಬ್ರಾವಾಂಡ್. ಮೇಲೆ ಹಗ್ಗ ಕಟ್ಟುವವರಿಲ್ಲದ ಆ ಗೋಡೆಗೆ ಅವರು ಕಂಡುಕೊಂಡ ಉಪಾಯ ಸುಮಾರು 6 ಮೀಟರ್ ಉದ್ದದ ಒಂದು ಮರದ ಕಂಬ. ಅದಕ್ಕೆ ಕೊಕ್ಕೆ, ಕಬ್ಬಿಣದ ಮೊನೆ. ಕಂಬವನ್ನು ಕಲ್ಲಿಗೆ ಆನಿಸಿ, ಒಬ್ಬರು ಒತ್ತಿ ಹಿಡಿದು, ಇನ್ನೊಬ್ಬರು ಮೇಲೇರಿ ಅವರು ಸಂಜೆ ಹೊತ್ತಿಗೆ ಶಿಖರ ಮುಟ್ಟಿದರು. ಪಶ್ಚಿಮದ ಮಗ್ಗುಲಿನಲ್ಲಿ ಕತ್ತಲೆಯಲ್ಲೇ ಇಳಿದರು. ಗಮನಿಸಿ, ಅವರಿಗೂ ಇಳಿಯುವುದು ರಾತ್ರಿಯ ಪಾಲಿಗೇ ಉಳಿಯಿತು.

ಮಾಕಿ ಮಾಡಿದ ಇನ್ನೊಂದು ಕೆಲಸ ನನಗೆ ಹತ್ತಿದ್ದಕ್ಕಿಂತ ಹೆಚ್ಚಿಗೆ ಹಿಡಿಸುತ್ತದೆ. ಅವರು ಗ್ರಿಂಡೆಲ್‌ವಾಲ್ಡ್‌ನ ಗೈಡುಗಳ ಸಂಘಕ್ಕೆ 10,000 ಫ್ರಾಂಕ್ ಕೊಟ್ಟರು. ಆ ಹಣದ ನೆರವಿನಿಂದ 1924ರಲ್ಲಿ ಮೊದಲ ಗುಡಿಸಲು ಎದ್ದಿತು. ಏಣನ್ನು ಮೊದಲು ಗೆದ್ದವರು ಅದು ಇನ್ನಷ್ಟು ಕಷ್ಟವಾಗಿಯೇ ಉಳಿಯಲಿ ಎಂದು ಬಯಸುವುದೇ ಹೆಚ್ಚು. ಈ ಮನುಷ್ಯ ಮುಂದಿನವರು ಮಲಗಲು ಹಾಸಿಗೆ ಇಡಿಸಿದರು. ಮುಂದೆ 1956ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ನೇಪಾಳದ 8,163 ಮೀಟರ್ ಎತ್ತರದ ಮನಸ್ಲು ಶಿಖರವನ್ನು ಮೊದಲು ಮುಟ್ಟಿದ ಜಪಾನಿ ತಂಡಕ್ಕೆ ನಾಯಕರಾಗಿದ್ದವರೂ ಇವರೇ. ಶಾಲಾ ಮೇಷ್ಟರಾಗಿದ್ದ ಬ್ರಾವಾಂಡ್ ಮುಂದೆ ಸ್ವಿಸ್ ಸಂಸತ್ತಿನ ಸದಸ್ಯರಾದರು, ನೂರು ವರ್ಷ ದಾಟಿ ಬದುಕಿದರು. ಹಳೆಯ ಗುಡಿಸಲಿನ ಜಾಗದಲ್ಲಿ 2001ರಲ್ಲಿ ಹೊಸದು ಬಂತು.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಹೆಲ್ಮೆಟ್, ಹಾರ್ನೆಸ್, ಹಗ್ಗ, ಕೆಲವು ಕ್ಯಾರಬಿನರ್ ಕೊಂಡಿಗಳು, ಕಲ್ಲಿನ ಮೊನೆಗೆ ಸುತ್ತಲು ಬಟ್ಟೆಯ ಪಟ್ಟಿಗಳು, ಹಿಮಗೊಡಲಿ, ಬೂಟಿಗೆ ಕಟ್ಟುವ ಕ್ರ್ಯಾಂಪಾನ್ ಎಂಬ ಹಲ್ಲುಗಳು, ತಲೆಗೆ ಕಟ್ಟುವ ಟಾರ್ಚು, ಎರಡು ಜೊತೆ ಕೈಗವಸು. 6 ಮೀಟರ್ ಕಂಬ ಬೇಡ. ಗೈಡನ್ನು ಪೆಟ್ಟಿಗೆಯಲ್ಲಿ ಇಡಲಾಗುವುದಿಲ್ಲ, ಆದರೆ ಅದೇ ಮುಖ್ಯ ಬಿಡಿಭಾಗ. ಇಲ್ಲಿ ಒಬ್ಬ ಗೈಡಿಗೆ ಒಬ್ಬನೇ ಗಿರಾಕಿ. ಖರ್ಚು ಹಂಚಿಕೊಳ್ಳಲು ಭಾವಮೈದುನನನ್ನೂ ಸೇರಿಸಿಕೊಳ್ಳುವ ಏರ್ಪಾಡಿಲ್ಲ. ಶುಲ್ಕ ಸಾವಿರ ಫ್ರಾಂಕ್ ದಾಟುತ್ತದೆ. ಚೌಕಾಸಿ ಮಾಡುವ ಮುನ್ನ, ನಾಳೆ ಬೆಳಿಗ್ಗೆ ಹಗ್ಗದ ಇನ್ನೊಂದು ತುದಿ ಯಾರ ಸೊಂಟದಲ್ಲಿರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ.

ಬಳಸುವ ವಿಧಾನ

ಬೆಳಕು ಹರಿಯುವ ಮುನ್ನ ಹೊರಡಿ. ಸೂರ್ಯ ಬೆನ್ನ ಹಿಂದೆ ಹುಟ್ಟುತ್ತಾನೆ, ತಿರುಗಿ ನೋಡುವ ಆಸೆಯಾಗುತ್ತದೆ. ನಿಂತು ನೋಡಿ, ನಡೆಯುತ್ತಾ ನೋಡಬೇಡಿ.

ಈಗ ಹಗ್ಗದ ವಿಷಯ. ಹೊಸಬರಿಗೆಲ್ಲ ಒಂದು ನಂಬಿಕೆಯಿದೆ: ಹಗ್ಗ ಕಟ್ಟಿಕೊಂಡರೆ ಬೀಳುವುದಿಲ್ಲ. ಹಗ್ಗಕ್ಕೆ ಆ ಸಂಗತಿ ಗೊತ್ತಿಲ್ಲ. ಇಬ್ಬರು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡುವೆ ಏನೂ ಇಲ್ಲದೆ ನಡೆದರೆ, ಒಬ್ಬ ಬಿದ್ದಾಗ ಇನ್ನೊಬ್ಬನೂ ಬೀಳುವುದನ್ನು ಹಗ್ಗ ಖಾತ್ರಿಪಡಿಸುತ್ತದೆ. ಹಗ್ಗ ಕೆಲಸ ಮಾಡುವುದು ಇಬ್ಬರ ನಡುವೆ ಕಲ್ಲೊಂದು ಸಿಕ್ಕಾಗ. ಅದಕ್ಕೇ ಬಲ್ಲವರು ಏಣಿನ ಮೇಲೆ ಎದ್ದುನಿಂತ ಕಲ್ಲಿನ ಮೊನೆಗಳ ಒಂದರ ಎಡಕ್ಕೆ, ಮುಂದಿನದರ ಬಲಕ್ಕೆ ಹಗ್ಗವನ್ನು ಹೆಣೆಯುತ್ತಾ ಹೋಗುತ್ತಾರೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ, ಇಬ್ಬರು ಸುಮ್ಮನೆ ನಡೆಯುತ್ತಿದ್ದಾರೆ. ಆದರೆ ಪ್ರತಿ ಹೆಜ್ಜೆಗೂ ಈ ಲೆಕ್ಕ ನಡೆದಿರುತ್ತದೆ: ಇವನು ಈಗ ಬಿದ್ದರೆ ಯಾವ ಕಲ್ಲು ಹಿಡಿಯುತ್ತದೆ? ಆ ಕಲ್ಲು ಬೆಟ್ಟಕ್ಕೆ ಅಂಟಿಕೊಂಡಿದೆಯೇ, ಇಲ್ಲ ಬರೀ ಅಭ್ಯಾಸಬಲದಿಂದ ಕೂತಿದೆಯೇ? ಸುಣ್ಣಕಲ್ಲಿನ ಐಗರ್‌ನಲ್ಲಿ ಎರಡನೆಯ ಜಾತಿಯ ಕಲ್ಲುಗಳಿಗೆ ಕೊರತೆಯಿಲ್ಲ. ಗಟ್ಟಿಯಾಗಿ ಹಿಡಿಯುವ ಮೊದಲು ಅಂಗೈಯಿಂದ ತಟ್ಟಿ ನೋಡಿ. ಟೊಳ್ಳು ದನಿ ಬಂದರೆ ಅದಕ್ಕೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಕಲ್ಲೇ ಇಲ್ಲದ, ಬರೀ ಹಿಮದ ಅಲಗಿನ ಮೇಲೆ ಏನು ಮಾಡಬೇಕು? ಇಲ್ಲಿ ಪರ್ವತಾರೋಹಣ ಶಾಸ್ತ್ರದ ಅತ್ಯಂತ ಸುಪ್ರಸಿದ್ಧ ಸೂಚನೆ ಬರುತ್ತದೆ. ತಮಾಷೆಗೆ ಬರೆದದ್ದಲ್ಲ, ನಿಜವಾದ ಸೂಚನೆ: ಜೊತೆಗಾರ ಬಲಕ್ಕೆ ಬಿದ್ದರೆ ನೀವು ಎಡಕ್ಕೆ ಹಾರಿ. ಆಗ ಹಗ್ಗ ಏಣಿನ ಎರಡೂ ಬದಿಗೆ ಜೋತು ಬೀಳುತ್ತದೆ, ಇಬ್ಬರೂ ತೂಗುತ್ತಾ ಉಳಿಯುತ್ತೀರಿ. ಲೆಕ್ಕ ಸರಿಯಾಗಿದೆ. ತೊಡಕಿರುವುದು ಲೆಕ್ಕದಲ್ಲಲ್ಲ. ಒಬ್ಬ ಮನುಷ್ಯ ಕೆಳಗೆ ಹೋಗುತ್ತಿರುವುದನ್ನು ಕಂಡ ಇನ್ನೊಬ್ಬ ಮನುಷ್ಯ ಒಂದು ಸೆಕೆಂಡಿನೊಳಗೆ, ತನ್ನ ಮುತ್ತಜ್ಜರಿಂದ ಬಂದ ಬುದ್ಧಿಯನ್ನೆಲ್ಲ ಪಕ್ಕಕ್ಕಿಟ್ಟು, ಸ್ವಇಚ್ಛೆಯಿಂದ ಪ್ರಪಾತಕ್ಕೆ ಹಾರಬೇಕು. ಎಡ ಬಲ ತಪ್ಪಬಾರದು. “ಅವನು ನನ್ನ ಬಲಕ್ಕೆ ಬಿದ್ದನೋ, ತನ್ನ ಬಲಕ್ಕೆ ಬಿದ್ದನೋ” ಎಂದು ಯೋಚಿಸಲು ಹೊತ್ತಿಲ್ಲ. ಅದಕ್ಕೇ ಹಿಂದಿರುವವರು ಹಗ್ಗದ ಒಂದೆರಡು ಸುತ್ತನ್ನು ಕೈಯಲ್ಲಿ ಹಿಡಿದಿರುತ್ತಾರೆ: ಆ ಸುತ್ತು ಬಿಚ್ಚುವಷ್ಟು ಕಾಲ ಕೈಗೆ ಸಿಗುತ್ತದೆ, ಅಷ್ಟರಲ್ಲಿ ಹಾರಬೇಕು. ನನ್ನ ಕೇಳಿದರೆ, ಈ ಸೂಚನೆಯ ನಿಜವಾದ ಉಪಯೋಗ ಹಾರುವುದರಲ್ಲಿಲ್ಲ. ಇದನ್ನು ಒಮ್ಮೆ ಓದಿದ ಜೊತೆಗಾರರಿಬ್ಬರೂ ಆಮೇಲೆ ಬಹಳ ಎಚ್ಚರದಿಂದ ಕಾಲಿಡುತ್ತಾರೆ.

ಹಿಮದ ಅಲಗಿನ ಮೇಲೆ ಇನ್ನೊಂದು ಕಾಟ ಕಾರ್ನಿಸ್. ಗಾಳಿ ಒಂದು ಬದಿಯಿಂದ ಹಿಮವನ್ನು ತಂದು ತಂದು ಇನ್ನೊಂದು ಬದಿಗೆ ಚಾಚಿ ಕಟ್ಟುತ್ತದೆ, ಕೆಳಗೆ ಆಧಾರವಿಲ್ಲದ ಚಾವಣಿ. ಮೇಲೆ ನಿಂತವರಿಗೆ ನೆಲ ಎಲ್ಲಿ ಮುಗಿಯಿತು ಎಂಬುದು ಕಾಣುವುದಿಲ್ಲ. 1938ರಲ್ಲಿ ಐಗರ್‌ನ ಉತ್ತರ ಗೋಡೆಯನ್ನು ಮೊದಲ ಬಾರಿಗೆ ಹತ್ತಿದ ಹೆಕ್‌ಮೇರ್, ಫ್ಯೋರ್ಗ್, ಹಾರರ್, ಕಾಸ್ಪಾರೆಕ್ ಎಂಬ ನಾಲ್ವರು ಆ ಭಯಂಕರ ಗೋಡೆಯಿಂದ ಹೊರಬಿದ್ದದ್ದು ಇದೇ ಮಿಟ್ಟೆಲ್ಲೆಗಿಯ ಮೇಲ್ತುದಿಗೆ. ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ, ಬಿರುಗಾಳಿಯಲ್ಲಿ, ಮುಂದಿದ್ದವರು ಕಾರ್ನಿಸ್ ದಾಟಿ ಆಚೆ ಬದಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಕಟ್ಟಿದ ಹಗ್ಗಗಳು ಬಂದವು. ಮಣಿಕಟ್ಟಿನಷ್ಟು ದಪ್ಪ, ಕಬ್ಬಿಣದ ಗೂಟಗಳಿಗೆ ಬಿಗಿದವು, ಮಾಕಿಯವರ ಕಂಬ ಬೇಕಾಗಿದ್ದ ಕಡಿದಾದ ಜಾಗಗಳಲ್ಲೇ ಇವೆ. ಸೂಚನೆ: ಕಾಲಿನಿಂದ ಹತ್ತಿ, ಹಗ್ಗವನ್ನು ಸಮತೋಲಕ್ಕೆ ಹಿಡಿಯಿರಿ. ತೋಳಿನಿಂದ ಎಳೆದುಕೊಂಡು ಹೋದವರ ಮುಂಗೈ ಸ್ವಲ್ಪ ಹೊತ್ತಿಗೇ ಬಿಗಿದುಕೊಂಡು ಬೆರಳು ಮುಚ್ಚುವುದಿಲ್ಲ, ಅದೂ ಅರ್ಧ ಗೋಡೆಯಲ್ಲಿ. ರಾತ್ರಿ ಹಿಮ ಬಿದ್ದಿದ್ದರೆ ಹಗ್ಗವೂ ಗಾಜಾಗಿರುತ್ತದೆ. ಈ ಹಗ್ಗಗಳಿಂದ ಏಣಿನ ಮರ್ಯಾದೆ ಹೋಯಿತು ಎನ್ನುವ ಶುದ್ಧಾಚಾರಿಗಳಿದ್ದಾರೆ. ಅವರು ಈ ಮಾತನ್ನು ಸಾಮಾನ್ಯವಾಗಿ ಹಗ್ಗ ಹಿಡಿದು ಹತ್ತಿ, ಗುಡಿಸಲಿಗೆ ಬಂದು, ಸೂಪು ಕುಡಿಯುತ್ತಾ ಹೇಳುತ್ತಾರೆ.

ತೊಂದರೆ ಕಂಡುಬಂದಲ್ಲಿ

ಕ್ರ್ಯಾಂಪಾನ್ ಕಟ್ಟುವುದೇ ಬಿಚ್ಚುವುದೇ ಎಂಬ ಚರ್ಚೆ ಶುರುವಾದರೆ: ಗೈಡ್ ಹೇಳಿದ ಹಾಗೆ ಮಾಡಿ. ಒಣ ಕಲ್ಲಿನ ಮೇಲೆ ಅವು ಕಿರುಗುಟ್ಟುತ್ತವೆ, ಹಿಮದಲ್ಲಿ ಇಲ್ಲದಿದ್ದರೆ ಜಾರುತ್ತೀರಿ, ಐಗರ್‌ನಲ್ಲಿ ಎರಡೂ ಹತ್ತು ಹೆಜ್ಜೆಗೊಮ್ಮೆ ಅದಲುಬದಲಾಗುತ್ತವೆ. ಹಲ್ಲುಗಳ ನಡುವೆ ಒದ್ದೆ ಹಿಮ ಉಂಡೆಕಟ್ಟಿದರೆ ಕೊಡಲಿಯ ಹಿಡಿಯಿಂದ ಬೂಟಿಗೆ ತಟ್ಟಿ ಉದುರಿಸಿ.

ಹಿಮಗೊಡಲಿ ಗುಂಯ್ ಎನ್ನುತ್ತಿದ್ದರೆ, ಹೆಲ್ಮೆಟ್ಟಿನ ಕೆಳಗೆ ಕೂದಲು ನಿಮಿರಿದ್ದರೆ: ಬ್ಯಾಟರಿ ತೆಗೆಯಬೇಡಿ, ಅದು ಉಪಕರಣದ ದೋಷವಲ್ಲ. ಸಿಡಿಲು ನಿಮ್ಮ ವಿಳಾಸ ಹುಡುಕುತ್ತಿದೆ. ಏಣಿನ ನೆತ್ತಿಯಿಂದ ಬದಿಗೆ ಇಳಿಯಿರಿ, ಬೆನ್ನುಚೀಲದ ಮೇಲೆ ಮುದುರಿ ಕುಳಿತುಕೊಳ್ಳಿ, ಕಟ್ಟಿಕೊಂಡ ಹಗ್ಗ ಮಾತ್ರ ಬಿಚ್ಚಬೇಡಿ. ಆಲ್ಪ್ಸ್‌ನಲ್ಲಿ ಬೇಸಗೆಯ ಗುಡುಗು ಮಧ್ಯಾಹ್ನದ ಮೇಲೆ ಬರುವುದು ರೂಢಿ. ನಸುಕಿನಲ್ಲಿ ಹೊರಡಿ ಎಂದದ್ದು ಇದಕ್ಕೂ ಸೇರಿ.

ಸಹಾಯ ಬೇಕಾದರೆ: ನಿಮಿಷಕ್ಕೆ ಆರು ಬಾರಿ ಕೂಗಿ, ಇಲ್ಲವೇ ಸೀಟಿ ಊದಿ, ಇಲ್ಲವೇ ಟಾರ್ಚು ತೋರಿಸಿ, ಒಂದು ನಿಮಿಷ ಬಿಡಿ, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಬಾರಿ ಉತ್ತರ ಕೊಡುತ್ತಾರೆ. ಹೆಲಿಕಾಪ್ಟರ್ ಬಂದಾಗ ಎರಡೂ ಕೈ ಮೇಲಕ್ಕೆ ಚಾಚಿ ನಿಂತರೆ “ಹೌದು, ಬೇಕು” ಎಂದರ್ಥ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಚಾಚಿದರೆ “ಬೇಡ, ಹೋಗಿ”. ಮದುವೆ ದಿಬ್ಬಣದ ಬಸ್ಸಿಗೆ ಟಾಟಾ ಮಾಡುವವರಂತೆ ಒಂದು ಕೈ ಬೀಸಿದಿರೋ, ಪೈಲಟ್ಟು ಒಳ್ಳೆಯ ಮನಸ್ಸಿನಿಂದ ವಾಪಸು ಹೋಗಿಬಿಟ್ಟಾನು.

ಬೆಳಿಗ್ಗೆ ಏಳುವಾಗಲೇ ಹೊಟ್ಟೆ ತೊಳಸುತ್ತಿದ್ದರೆ, ಮೊದಲ ಕಟ್ಟಿದ ಹಗ್ಗ ತಲುಪುವ ಹೊತ್ತಿಗೇ ಗೈಡ್ ಗಡಿಯಾರ ನೋಡಿ ಸುಮ್ಮನಾದರೆ, ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದ್ದರೆ: ಹಿಂತಿರುಗಿ. ಈ ಬಟನ್ ಎಲ್ಲ ಮಾದರಿಗಳಲ್ಲೂ ಇದೆ. ರೈಲು ಇನ್ನೊಬ್ಬರು ಹಾಕಿದ್ದು, ಹಾಸಿಗೆ ಇನ್ನೊಬ್ಬರು ಕೊಟ್ಟದ್ದು, ಹಗ್ಗ ಇನ್ನೊಬ್ಬರು ಕಟ್ಟಿದ್ದು. ಇಷ್ಟೆಲ್ಲ ಸಿದ್ಧವಾಗಿರುವಾಗ ವಾಪಸು ಹೋಗುವುದು ಹೇಗೆ ಎಂಬ ಸಂಕೋಚವೇ ಈ ಏಣಿನಲ್ಲಿ ಜನರನ್ನು ಹೆಚ್ಚು ಮೇಲಕ್ಕೆ ತಳ್ಳುತ್ತದೆ ಎಂಬುದು ನನ್ನ ಗುಮಾನಿ.

ಗ್ಯಾರಂಟಿ

ಇಲ್ಲ. ಪರ್ವತಕ್ಕೇ ಗ್ಯಾರಂಟಿಯಿಲ್ಲದಿರುವಾಗ ಕೈಪಿಡಿಯದ್ದೇನು. 2006ರ ಜುಲೈಯಲ್ಲಿ ಐಗರ್‌ನ ಪೂರ್ವದ ಮಗ್ಗುಲಿನಿಂದ ಲಕ್ಷಗಟ್ಟಲೆ ಘನ ಮೀಟರ್ ಬಂಡೆ ಕಳಚಿ ಗ್ರಿಂಡೆಲ್‌ವಾಲ್ಡ್‌ನ ಕೆಳಗಿನ ಹಿಮನದಿಯ ಮೇಲೆ ಬಿತ್ತು, ಊರಿನ ಮೇಲೆ ಧೂಳು ಕವಿಯಿತು. ಆ ಗೋಡೆಗೆ ಒತ್ತುಗೊಟ್ಟು ನಿಂತಿದ್ದ ಹಿಮನದಿ ಕರಗಿ ಕುಗ್ಗಿತ್ತು, ಬಂಡೆಗೆ ಆಸರೆ ತಪ್ಪಿತ್ತು. ಎತ್ತರದಲ್ಲಿ ಬಿರುಕುಗಳೊಳಗೆ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತಿದ್ದ ಮಂಜುಗಡ್ಡೆಯೇ ಕಲ್ಲುಗಳನ್ನು ಬೆಸೆದಿಟ್ಟಿತ್ತು. ಬಿಸಿ ಬೇಸಗೆಗಳಲ್ಲಿ ಅದೂ ಸಡಿಲುತ್ತಿದೆ. ಹಾಗಾಗಿ ಹಳೆಯ ಪುಸ್ತಕದಲ್ಲಿ “ಗಟ್ಟಿ ಕಲ್ಲು” ಎಂದು ಓದಿದ್ದರೆ ಪುಸ್ತಕದ ವರ್ಷ ನೋಡಿ. ಈ ವಾರ ದಾರಿ ಹೇಗಿದೆ ಎಂದು ಹೇಳಬಲ್ಲವರು ಗ್ರಿಂಡೆಲ್‌ವಾಲ್ಡ್‌ನ ಗೈಡುಗಳು ಮತ್ತು ಗುಡಿಸಲು ನೋಡಿಕೊಳ್ಳುವವರು, ಬೇರೆ ಯಾರೂ ಅಲ್ಲ.

ಕಡೆಯದಾಗಿ ಬುಕಿಂಗ್ ಬಗ್ಗೆ ಒಂದು ಕೋರಿಕೆ. ಆ ಗುಡಿಸಲಿನಲ್ಲಿರುವುದು ಮೂವತ್ತು ಚಿಲ್ಲರೆ ಹಾಸಿಗೆ, ಮುಂಚಿತವಾಗಿ ಹೇಳಿಯೇ ಹೋಗಬೇಕು. ಹವಾಮಾನ ಕೆಟ್ಟು, ಇಲ್ಲವೇ ಧೈರ್ಯ ಕೆಟ್ಟು, ಹೋಗದಿರಲು ತೀರ್ಮಾನಿಸಿದರೆ ದಯವಿಟ್ಟು ಫೋನ್ ಮಾಡಿ ತಿಳಿಸಿ. ನೀವು ಗ್ರಿಂಡೆಲ್‌ವಾಲ್ಡ್‌ನಲ್ಲಿ ಪಿಜ್ಜಾ ತಿನ್ನುತ್ತಾ ಕೂತಿರುವಾಗ ಅಲ್ಲಿ ಮೇಲೆ ಯಾರೋ ನಿಮ್ಮ ಹೆಸರು ನೋಡಿ, ಬರಲಿಲ್ಲವಲ್ಲ ಎಂದು ಟಾರ್ಚು ಹಿಡಿದು ಹಿಮನದಿಯ ಕಡೆ ನೋಡುತ್ತಾ ನಿಲ್ಲುವ ಹಾಗಾಗಬಾರದು.